ತಂತಿ ಬಿಡಿಸು

ಅಕ್ಟೋಬರ್ ೧೨, ಭಾನುವಾರ

ಪ್ರೀತಿಯ ಅಮ್ಮನಿಗೆ,

ನಿನ್ನ ಕಾಗದ ಮಂಗಳವಾರವೇ ಬಂತು. ಉತ್ತರ ತಡವಾಯಿತು, ಬೇಜಾರು ಮಾಡಿಕೊಳ್ಳಬೇಡ. ಬರೆಯುವುದಕ್ಕಿಂತ ಓದುವುದಕ್ಕೇ ಹೆಚ್ಚು ಹೊತ್ತು ಹಿಡಿಯಿತು. ಅಕ್ಷರಗಳು ಒಂದರ ಮೇಲೊಂದು ಬಿದ್ದುಕೊಂಡಿವೆ. ಸಾಲುಗಳು ಮೇಲೆ ಶುರುವಾಗಿ ಹೋಗುತ್ತಾ ಹೋಗುತ್ತಾ ಇಳಿದು ಹಾಳೆಯ ಅಂಚಿನಲ್ಲಿ ಕಾಲು ಜಾರುತ್ತವೆ. ಬರೆಯಲು ಕೂತರೆ ನೀನು ಯಾರನ್ನೂ ಹತ್ತಿರ ಸೇರಿಸುವುದಿಲ್ಲ ಎಂದು ಚಿಕ್ಕಮ್ಮ ಫೋನಿನಲ್ಲಿ ಹೇಳಿದಳು. ಹಾಳೆ ಜರುಗದ ಹಾಗೆ ಅದರ ಮೂಲೆಗೆ ಇಸ್ತ್ರಿಪೆಟ್ಟಿಗೆ ಹೇರಿ, ನಾಲಿಗೆ ಹೊರಗೆ ಹಾಕಿಕೊಂಡು ಬರೆಯುತ್ತೀಯಂತೆ. "ಒಂದನೇ ಕ್ಲಾಸಿನ ಮಗು ಕೂತಂಗೆ ಕೂತಿರ್ತಾಳೆ ಕಣೇ" ಎಂದು ನಕ್ಕಳು. ನಾನೂ ನಕ್ಕೆ.

ನೀನು ಎರಡು ವಿಷಯ ಕೇಳಿದ್ದೀಯ. ಮುಂದಿನ ತಿಂಗಳ ಬೋನ್ಸಾಯ್ ಪ್ರದರ್ಶನಕ್ಕೆ ನಿನ್ನ ಮರ ಸಿದ್ಧವಾಗಿದೆಯೇ ಎನ್ನುವುದು ಒಂದು. ಚಿಕ್ಕಮ್ಮ ಮಗನ ಫ್ಲ್ಯಾಟಿಗೆ ಹೋಗುವುದರೊಳಗೆ ನಿನ್ನನ್ನು ಮನೆಗೆ ಕರೆತರಲು ನಾನು ಯಾವಾಗ ಬರುತ್ತೇನೆ ಎನ್ನುವುದು ಇನ್ನೊಂದು. ನೀನು ಕೇಳಿದ ಕ್ರಮದಲ್ಲೇ ಉತ್ತರ ಕೊಡುತ್ತೇನೆ. ಮೊದಲು ಮರ, ಆಮೇಲೆ ನೀನು.

ನಿನಗೆ ಗೊತ್ತಿರುವುದನ್ನೇ ಮತ್ತೆ ಬರೆಯುತ್ತಿದ್ದೇನೆ ಅನ್ನಿಸಿದರೆ ಸಿಟ್ಟಾಗಬೇಡ. ಮರೆವು ಶುರುವಾದವರಿಗೆ ಹಳೆಯದನ್ನೆಲ್ಲ ನಿಧಾನವಾಗಿ, ಮೊದಲಿನಿಂದ ಹೇಳುತ್ತಿರಬೇಕು ಎಂದು ಡಾಕ್ಟರು ನನಗೆ ಹೇಳಿದ್ದಾರೆ. ಅವರ ಮಾತಿನಂತೆ ನಡೆಯುತ್ತಿದ್ದೇನೆ.

ಆ ಮರ ಮುಚ್ಚಿಹೋದ ಐಸ್ ಫ್ಯಾಕ್ಟರಿಯ ಹಿಂದಿನ ಬೇಲಿಯಲ್ಲಿತ್ತು. ಪ್ರಿವೆಟ್ ಎನ್ನುವುದು ಅದರ ಸರಿಯಾದ ಹೆಸರು, ನೀನು ಮಾತ್ರ ಬೇಲಿಗಿಡ ಎಂದೇ ಕರೆಯುತ್ತಿದ್ದೆ. ಬೇಲಿಗೆಂದು ನೆಟ್ಟು, ಬೇಲಿಯೆಂದು ಕತ್ತರಿಸಿ, ಯಾರೂ ಮುಖ ಎತ್ತಿ ನೋಡದ ಗಿಡ. ಹೂ ಬಿಟ್ಟರೆ ಸಿಹಿಯೋ ಕೊಳೆತದ್ದೋ ಹೇಳಲಾಗದ ವಾಸನೆ. ಅದರ ಕಪ್ಪು ಕಾಯಿ ತಿಂದ ಹಕ್ಕಿಗಳು ಎಲ್ಲೆಂದರಲ್ಲಿ ಬೀಜ ಉದುರಿಸಿ, ರೈಲು ಹಳಿಯ ಬದಿಗೂ ಗೋಡೆಯ ಬಿರುಕಿಗೂ ಅದೇ ಗಿಡ. ಫ್ಯಾಕ್ಟರಿ ಮುಚ್ಚಿದ ಮೇಲೆ ಕತ್ತರಿ ಕಾಣದೆ ಆ ಬೇಲಿ ಕಾಡಾಗಿತ್ತು. ನೀನು ಹೊಲಿಗೆ ಅಂಗಡಿಗೆ ಹೋಗುವ ದಾರಿಯಲ್ಲಿ ದಿನಾ ಅದನ್ನು ಬಗ್ಗಿ ನೋಡುತ್ತಿದ್ದೆ. ಬುಡ ಆನೆಯ ಪಾದದ ಹಾಗೆ ಅಗಲವಾಗಿ ನೆಲಕ್ಕೆ ಊರಿಕೊಂಡಿದೆ ಎಂದು ಮನೆಗೆ ಬಂದು ಹೇಳುತ್ತಿದ್ದೆ. ಬೋನ್ಸಾಯ್ ಸಂಘದ ಬೇರೆಯವರು ಕುಂಡದಲ್ಲಿ ಬೆಳೆದ ಸಸಿ ತಂದು ಕುಬ್ಜ ಮರ ಮಾಡುತ್ತಿದ್ದರು. ನೀನೊಬ್ಬಳೇ ಬೇಲಿಯಿಂದ ಕಿತ್ತು ತರುವವಳು. ಬೆನ್ನ ಹಿಂದೆ ನಿನ್ನನ್ನು ಅವರು ಬೇಲಿಯಮ್ಮ ಎನ್ನುತ್ತಿದ್ದದ್ದು ನಿನಗೆ ಗೊತ್ತಿತ್ತು, ಖುಷಿಯೂ ಇತ್ತು.

ಚಳಿ ಮುಗಿದು, ಮೊಗ್ಗು ಇನ್ನೂ ಒಡೆಯದ ದಿನಗಳಲ್ಲಿ ನಾವಿಬ್ಬರೂ ಹೋದೆವು. ನಾನಾಗ ಹೈಸ್ಕೂಲು. ನೀನು ಕಾಂಡವನ್ನು ಮೊಣಕಾಲಿನ ಎತ್ತರಕ್ಕೆ ಗರಗಸದಲ್ಲಿ ಕೊಯ್ದು, ಸುತ್ತ ಕಾಲುವೆ ತೋಡಿ, ದಪ್ಪ ಬೇರುಗಳನ್ನೆಲ್ಲ ಕಡಿದೆ. ಬುಡದ ಮಣ್ಣನ್ನು ಗೋಣಿಯಲ್ಲಿ ಸುತ್ತಿ, ಅಂಗಡಿಯಿಂದ ತಂದಿದ್ದ ಬಟ್ಟೆಯಂಚಿನ ಪಟ್ಟಿಗಳಿಂದ ಬಿಗಿದೆ. ಬಟ್ಟೆಯ ಥಾನಿನ ಅಂಚಿನಲ್ಲಿ ಬರುವ ಆ ಗಟ್ಟಿ ಪಟ್ಟಿಯನ್ನು ನೀನು ಎಂದೂ ಎಸೆದವಳಲ್ಲ. ಎಲ್ಲ ಸೇರಿ ನಾನು ಕೂಸಾಗಿದ್ದಾಗಿನ ತಳ್ಳುಗಾಡಿಯಲ್ಲಿ ಮಲಗಿಸಿ, ಮೇಲೆ ಚಾದರ ಹೊದಿಸಿ ಹೊರಟೆವು. ಗೇಟಿನಲ್ಲಿ ಕಾವಲುಗಾರ "ಕೂಸು ಮಲಗಿದೆಯಾ ಅಕ್ಕಾ?" ಎಂದ. "ಈಗಷ್ಟೇ ಕಣ್ಣು ಮುಚ್ಚಿದೆ, ಮಾತಾಡಿಸಬೇಡ" ಎಂದೆ ನೀನು. ದಾರಿಯುದ್ದಕ್ಕೂ ನಕ್ಕಿದ್ದೆವು. ನಿನ್ನ ಜೊತೆ ನಗುವುದು ನನಗೆ ಇಷ್ಟವಾಗಿತ್ತು ಅಮ್ಮ. ಅದನ್ನೂ ಬರೆದಿಡಬೇಕು.

ಮನೆಗೆ ತಂದ ಮೇಲೆ ನೀನು ಮರದ ಪೆಟ್ಟಿಗೆಯಲ್ಲಿ ಮರಳು, ಜಲ್ಲಿ ತುಂಬಿ ನೆಟ್ಟೆ. ಅಲ್ಲಾಡದಂತೆ ಮತ್ತೆ ಪಟ್ಟಿಯಿಂದ ಪೆಟ್ಟಿಗೆಗೆ ಕಟ್ಟಿದೆ. ಬೋಳು ಮೊಂಡು. ಅದಕ್ಕೆ ನೋವಾಗಲ್ವಾ ಎಂದು ನಾನು ಕೇಳಿದೆ.

"ಸ್ವಲ್ಪ ದಿನ ಅಷ್ಟೇ. ಆಮೇಲೆ ಅದೇ ಅಭ್ಯಾಸ ಆಗುತ್ತೆ."

ನನಗೆ ಆ ಮಾತು ಹೊಸದಾಗಿರಲಿಲ್ಲ. ಅದೇ ಪಟ್ಟಿಗಳ ಗಂಟಿನಿಂದ ಒಂದನ್ನು ತೆಗೆದು ನನ್ನ ಎಡಗೈಯನ್ನು ಕುರ್ಚಿಯ ಬೆನ್ನಿಗೆ ಕಟ್ಟುವಾಗಲೂ ನೀನು ಅದನ್ನೇ ಹೇಳುತ್ತಿದ್ದೆ. ಊಟ ಮಾಡುವಾಗ ಕಟ್ಟುತ್ತಿದ್ದೆ, ಬರೆಯುವಾಗ ಕಟ್ಟುತ್ತಿದ್ದೆ, ರಜೆಯಲ್ಲಿ ಅಂಗಡಿಯಲ್ಲಿ ಕೂರಿಸಿಕೊಂಡಾಗ ಹೊಲಿಗೆ ಯಂತ್ರದ ಕಾಲಿಗೆ ಕಟ್ಟುತ್ತಿದ್ದೆ. ಬಿಡಿಸಮ್ಮ, ಬಿಡಿಸಮ್ಮ ಎಂದು ನಾನು ಅಳುತ್ತಿದ್ದೆ. ನೀನು ಕತ್ತರಿ ನಿಲ್ಲಿಸದೆ "ಬಿಡು, ಸುಮ್ನಿರು" ಎನ್ನುತ್ತಿದ್ದೆ. ಎಡಚಿಗೆ ಯಾರು ಕೆಲಸ ಕೊಡುತ್ತಾರೆ, ಎಡಚಿಯ ಕೈಗೆ ಯಾರು ಬಟ್ಟೆ ಕೊಡುತ್ತಾರೆ, ಎಲ್ಲ ಕತ್ತರಿಗಳೂ ಬಲಗೈಗೇ ಮಾಡಿರೋದು ಎಂದು ಬಂದವರಿಗೆಲ್ಲ ವಿವರಿಸುತ್ತಿದ್ದೆ. ಒಂದು ಸಲ ನಾನು ಚಿಕ್ಕಮ್ಮನನ್ನು ಹಿತ್ತಿಲಿಗೆ ಕರೆದು ಮಣಿಕಟ್ಟಿನ ಸುತ್ತ ಎದ್ದಿದ್ದ ಕೆಂಪು ಬರೆ ತೋರಿಸಿದ್ದೆ. ಅವಳು ಅದಕ್ಕೆ ಉಫ್ ಎಂದು ಊದಿ, "ಅಮ್ಮ ಸುಮ್ಸುಮ್ನೆ ಮಾಡ್ತಾಳಾ? ನಿನ್ನ ಒಳ್ಳೇದಕ್ಕೇ ಅಲ್ವಾ" ಎಂದು ಅಂಗಿಯ ತೋಳಿನ ತುದಿ ಎಳೆದು ಮುಚ್ಚಿದಳು. ನಿನ್ನ ಮಾತು ಕೇಳಿದ ಮೇಲೆ ನನ್ನ ಮಾತು ಕೇಳುವ ಅಗತ್ಯ ಯಾರಿಗೂ ಬೀಳುತ್ತಿರಲಿಲ್ಲ.

ಕೊನೆಗೆ ನೀನೇ ಗೆದ್ದೆ. ನಾನು ಬಲಗೈಯಲ್ಲಿ ಉಂಡೆ, ಬರೆದೆ, ಕತ್ತರಿಸಿದೆ. ಒಂದು ಮಾತ್ರ ನನ್ನಿಂದ ಆಗಲಿಲ್ಲ, ದಾರ ಸುತ್ತುವುದು. ಬಾಬಿನ್ನಿಗೆ ಸುತ್ತಿದರೂ ರಟ್ಟಿಗೆ ಸುತ್ತಿದರೂ ನನ್ನ ಕೈ ಎಡಕ್ಕೇ ತಿರುಗುತ್ತಿತ್ತು, ನಿನ್ನದು ಬಲಕ್ಕೆ. ಅಳತೆ ಕೊಡಲು ಬಂದ ಹೆಂಗಸರಿಗೆ ನೀನು, ನಾನು ಸುತ್ತಿದ ಬಾಬಿನ್ ಎತ್ತಿ ತೋರಿಸಿ, "ನಮ್ಮನೆ ಗಡಿಯಾರ ಹಿಂದಕ್ಕೆ ಓಡುತ್ತೆ ನೋಡಿ" ಎನ್ನುತ್ತಿದ್ದೆ. ಅವರು ನಗುತ್ತಿದ್ದರು.

ಮರ ಮಾತ್ರ ನಿನ್ನ ಮಾತು ಕೇಳಿತು. ಮೊದಲ ಬೇಸಿಗೆಗೇ ಮೊಂಡಿನ ಮೈಯೆಲ್ಲ ಚಿಗುರು. ಬೇಕಾದ್ದನ್ನು ನೀನು ಇಟ್ಟುಕೊಂಡೆ, ಬೇಡದ್ದನ್ನು ಉಗುರಿನಿಂದ ಚಿವುಟಿದೆ. ಉಳಿದ ಚಿಗುರು ಕೊಂಬೆಯಾದಾಗ ಅಲ್ಯೂಮಿನಿಯಂ ತಂತಿ ಸುತ್ತಿ ಬಗ್ಗಿಸಿದೆ, ಕೊಂಬೆ ಬಗ್ಗಿದ ರೂಪದಲ್ಲೇ ಗಟ್ಟಿಯಾಗುತ್ತಿದ್ದಂತೆ ತಂತಿ ತುಂಡು ಮಾಡಿ ತೆಗೆದೆ. ಕೊಯ್ದ ಜಾಗ ಕೊಳೆಯದಂತೆ ಸಂಘದ ಅಧ್ಯಕ್ಷರು, ನಮ್ಮ ಹಲ್ಲು ಡಾಕ್ಟರು, ತಮ್ಮ ಹಳೆಯ ಡ್ರಿಲ್ಲು ತಂದು ಕಾಂಡದ ಒಳಗೆ ಪೊಳ್ಳು ಕೊರೆದರು. ಬಾಯಿ ಇನ್ನೂ ದೊಡ್ಡದಾಗಿ ತೆಗೀರಿ ಎಂದು ಮರಕ್ಕೇ ಹೇಳುತ್ತಾ ಕೊರೆದರು. ವರ್ಷಗಳು ಕಳೆದಂತೆ ನೂರು ವರ್ಷದ ಮರವೊಂದು ಮೊಣಕಾಲೆತ್ತರದಲ್ಲಿ ನಿಂತ ಹಾಗಾಯಿತು. ಅದನ್ನು ನೋಡಿದವರು ಮೊದಲು ಅದರ ಸುತ್ತ ಒಂದು ಸುತ್ತು ಬರುತ್ತಿದ್ದರು, ಆಮೇಲೆ ನಿನ್ನನ್ನು ನೋಡುತ್ತಿದ್ದರು.

ಪ್ರತಿ ಮರಕ್ಕೂ ಒಂದು ಮುಂಭಾಗ ಇರುತ್ತದೆ, ಅದನ್ನು ಹುಡುಕುವುದೇ ವಿದ್ಯೆ ಎಂದು ನೀನು ಕಲಿಸಿದ್ದೆ. ನಾನು ಮೆಚ್ಚಿದ್ದ, ನಮ್ಮ ಆಸ್ಪತ್ರೆಯ ಎಕ್ಸ್-ರೇ ವಿಭಾಗದಲ್ಲಿದ್ದವನನ್ನು ಮನೆಗೆ ಕರೆತಂದ ಸಂಜೆಯೂ ನೀನು ಅದನ್ನೇ ಹುಡುಕಿದೆ. ಚಹಾ ಕೊಟ್ಟು, ಅಂಗಿಯ ಅಳತೆ ತೆಗೆಯುವ ನೆಪದಲ್ಲಿ ಅವನನ್ನು ಎದ್ದು ನಿಲ್ಲಿಸಿ, ಟೇಪು ಹಿಡಿದು ಸುತ್ತ ಬಂದೆ. ಕೂತುಕೊಂಡು, "ಎಷ್ಟು ತಿರುಗಿಸಿದ್ರೂ ಇದಕ್ಕೆ ಮುಂಭಾಗ ಸಿಗ್ತಿಲ್ವಲ್ಲೇ" ಎಂದೆ. ಅವನೂ ನಕ್ಕ, ನಾನೂ ನಕ್ಕೆ. ಅವನು ಮತ್ತೆ ಬರಲಿಲ್ಲ. ಈಗಲೂ ಆಸ್ಪತ್ರೆಯ ಕಾರಿಡಾರಿನಲ್ಲಿ ಎದುರಾದರೆ ಒಂದು ಬದಿಗೆ ತಿರುಗಿ ದಾರಿ ಬಿಡುತ್ತಾನೆ.

ಇನ್ನು ಈ ವರ್ಷದ ವಿಷಯ. ಇದನ್ನು ನಿಧಾನವಾಗಿ ಓದು.

ಚಳಿ ಮುಗಿಯುವ ಹೊತ್ತಿಗೆ ನೀನು ಹಿತ್ತಿಲ ಕಲ್ಲುಮೇಜಿನ ಪಕ್ಕ ಬಿದ್ದೆ. ನಾನು ಕೆಲಸದಿಂದ ಬಂದಾಗ ಬಲಮೈ ಪೂರ್ತಿ ಹೋಗಿತ್ತು. ಆಸ್ಪತ್ರೆಯಲ್ಲಿ ಮಾತು ಮರಳಿದ ದಿನ, ಸೊಟ್ಟಗಾದ ಬಾಯಿಂದ ಒಂದೊಂದೇ ಪದ ಹೊರಡಿಸಿ ನೀನು ಹೇಳಿದ್ದು ನನಗೆ ಅಕ್ಷರಶಃ ನೆನಪಿದೆ. "ಮರಕ್ಕೆ ನೀರು ಹಾಕು. ಬೇರೇನೂ ಮುಟ್ಟಬೇಡ. ಆ ಎಡಗೈ ಅದರ ಮೇಲೆ ಬೀಳಬಾರದು." ನಿನ್ನ ಬಟ್ಟೆ ಬದಲಿಸುತ್ತಿದ್ದ ನರ್ಸು ನನ್ನ ಮುಖ ನೋಡಿದಳು. ಆಗಲಿ ಅಮ್ಮ ಎಂದೆ. ಅಲ್ಲಿಂದ ನೇರ ಚಿಕ್ಕಮ್ಮನ ಮನೆಗೆ ನಿನ್ನನ್ನು ಒಯ್ದರು, ಅವಳ ಮನೆಗೆ ಮೆಟ್ಟಿಲಿಲ್ಲ ಎಂದು.

ನಾನು ನೀರು ಹಾಕಿದೆ. ದಿನಾ ಬೆಳಿಗ್ಗೆ, ಬಲಗೈಯಲ್ಲಿ.

ವಸಂತದಲ್ಲಿ ನಾನು ಬರೆದ ಮೊದಲನೇ ಕಾಗದದಲ್ಲಿ, ನೀನು ಬೀಳುವ ಮುಂಚಿನ ವಾರ ಸುತ್ತಿದ ತಂತಿಯೆಲ್ಲ ಚೆನ್ನಾಗಿ ಕೂತಿದೆ ಎಂದು ಬರೆದಿದ್ದೆ. ಯಾವ ತಂತಿ ಎಂದು ನೀನು ಕೇಳಿದೆ. ತಂತಿಯ ಸುರುಳಿ ತಂದು ಮೇಜಿನ ಮೇಲಿಟ್ಟಿದ್ದೆ, ಸುತ್ತುವುದರೊಳಗೇ ಬಿದ್ದೆ, ಇನ್ನೂ ಒಂದು ಕೊಂಬೆಗೂ ಸುತ್ತಿಲ್ಲ ಎಂದು ನೀನು ಬರೆದೆ. ನಿನಗೆ ಮರೆವು ಶುರುವಾಗಿದೆ ಎಂದು ನಾನು ಚಿಕ್ಕಮ್ಮನಿಗೂ ಡಾಕ್ಟರಿಗೂ ಹೇಳಬೇಕಾಯಿತು. ಪಾರ್ಶ್ವವಾಯುವಿನಲ್ಲಿ ಹೀಗೆ ಒಂದು ವಾರವೇ ಅಳಿಸಿಹೋಗುವುದುಂಟು ಎಂದರು ಡಾಕ್ಟರು. ನಾನು ಒಂದೊಂದು ಕೊಂಬೆಯನ್ನೂ ನಿನಗೆ ವಿವರಿಸಿ ಬರೆದೆ. ಎಡಗಡೆಯ ಕೆಳಕೊಂಬೆಗೆ ಎಷ್ಟು ದಪ್ಪದ ತಂತಿ, ತುದಿಗೆ ಎಷ್ಟು ಸಣ್ಣದು ಎಂದೆಲ್ಲ. ಎರಡು ಮೂರು ಕಾಗದಗಳ ನಂತರ ನೀನು ಸೋತೆ. "ಸುತ್ತಿರಬೇಕು. ನಂಗೇ ಮರೆತಿರಬೇಕು. ತಲೆ ಹೋಗಿದೆ" ಎಂದು ಬರೆದಿದ್ದೆ. ಆ ಸಾಲನ್ನು ಡಾಕ್ಟರಿಗೆ ತೋರಿಸಿದೆ, ಅವರು ತಲೆಯಾಡಿಸಿ ಏನೋ ಬರೆದುಕೊಂಡರು.

ಬೇಸಿಗೆ ಶುರುವಾದ ಹಾಗೆ ಕೊಂಬೆಗಳು ದಪ್ಪವಾಗತೊಡಗಿದವು. ಬೇಲಿಗಿಡ ಎಷ್ಟು ಬೇಗ ಬೆಳೆಯುತ್ತದೆ ಎಂದು ನಿನಗೆ ಗೊತ್ತು. ಮೊದಲು ತಂತಿಯ ಎರಡೂ ಬದಿ ತೊಗಟೆ ಸ್ವಲ್ಪ ಉಬ್ಬುತ್ತದೆ, ಉಂಗುರ ಬಿಗಿಯಾದ ಬೆರಳಿನ ಹಾಗೆ. ಆಗ ತೆಗೆದರೆ ಏನೂ ಆಗುವುದಿಲ್ಲ. ನನ್ನ ಕೆಲಸವೂ ಅಂಥದೇ ಅಲ್ಲವೇ? ಲ್ಯಾಬಿನಲ್ಲಿ ಬೆಳಗಿನಿಂದ ರಕ್ತ ತೆಗೆಯುವುದು. ತೋಳಿಗೆ ರಬ್ಬರ್ ಪಟ್ಟಿ ಬಿಗಿಯುತ್ತೇನೆ, ನರ ಎದ್ದು ಕಾಣುತ್ತದೆ, ಸೂಜಿ ಹೋಗುತ್ತದೆ, ರಕ್ತ ಇಳಿಯುತ್ತಿದ್ದಂತೆ ಪಟ್ಟಿ ಸಡಿಲಿಸುತ್ತೇನೆ. ಹೊಸ ಹುಡುಗಿಯರಿಗೆ ನಾನು ಮೊದಲು ಕಲಿಸುವುದು ಕಟ್ಟುವುದನ್ನಲ್ಲ, ಬಿಡಿಸುವುದನ್ನು. ಕಟ್ಟಿ ಮರೆತರೆ ಏನಾಗುತ್ತದೆ ಎಂದು ತಿಳಿಯದವಳು ನಾನಲ್ಲ.

ಆದರೆ ನೀನು ಮುಟ್ಟಬೇಡ ಎಂದಿದ್ದೆ. ಅದಕ್ಕೇ ಕೇಳಿ ಬರೆದೆ, ತಂತಿ ಏನು ಮಾಡಲಿ ಎಂದು. ನಿನ್ನ ಉತ್ತರ ಬಂತು. ಒಂದೇ ಸಾಲು, ಕೆಳಗೆ ಎರಡು ಗೆರೆ ಎಳೆದಿದ್ದೆ. ಇಡೀ ಸಾಲು ಒಂದು ಕಡೆ ವಾಲಿಕೊಂಡು, ಕೊನೆಯ ಅಕ್ಷರಗಳು ಇಸ್ತ್ರಿಪೆಟ್ಟಿಗೆಯ ಕಂದು ಕಲೆಯೊಳಗೆ ಸೇರಿಹೋಗಿದ್ದವು. ನೀನು ಬರೆದದ್ದು "ತಂತಿ ಬಿಡಿಸು" ಎಂದಂತೆ. ಚಿಕ್ಕಮ್ಮ ಆಮೇಲೆ ಹೇಳಿದಳು. ನಾನು ಓದಿದ್ದು "ತಂತಿ ಬಿಡು" ಎಂದು. ಬಿಟ್ಟೆ.

ಅಕ್ಷರ ದುಂಡಗಿರಬೇಕು, ಓದುವವರಿಗೆ ಕಷ್ಟ ಕೊಡಬಾರದು ಎಂದು ನನ್ನ ಬೆರಳ ಗಂಟಿನ ಮೇಲೆ ಅಳತೆಕೋಲಿನಿಂದ ಹೊಡೆಯುತ್ತಿದ್ದವಳು ನೀನು. ಒಂದು ಅಕ್ಷರ ಸೊಟ್ಟಗಾದರೆ ಏನು ಮಹಾ ಆಗುತ್ತೆ ಎಂದು ಆಗ ಅನ್ನಿಸುತ್ತಿತ್ತು.

ಆ ಬೇಸಿಗೆಯಿಡೀ ನಿನಗೆ ಸುಳ್ಳು ಬರೆದಿಲ್ಲ. ಮರ ಹಸಿರಾಗಿದೆ ಎಂದೆ, ಹಸಿರಾಗಿತ್ತು. ಕೊಂಬೆಗಳು ಚೆನ್ನಾಗಿ ದಪ್ಪವಾಗಿವೆ ಎಂದೆ, ಆಗಿದ್ದವು. ನೀನು ಸಂತೋಷಪಟ್ಟು, ಪ್ರದರ್ಶನದಲ್ಲಿ ಈ ಸಲ ಅದನ್ನು ಬಾಗಿಲಿಗೆ ಎದುರಾಗಿ ಇಡಿಸಬೇಕು ಎಂದು ಬರೆದೆ. ಬೇಸಿಗೆ ಮುಗಿಯುವಾಗ ತಂತಿ ಅರ್ಧ ಮುಳುಗಿತ್ತು. ಕಳೆದ ತಿಂಗಳ ಹೊತ್ತಿಗೆ ಎಷ್ಟೋ ಕಡೆ ತೊಗಟೆಯ ಎರಡು ತುಟಿ ಕೂಡಿಕೊಂಡು, ತಂತಿ ಇದ್ದ ಗುರುತಾಗಿ ಒಂದು ಹೊಲಿಗೆ ಗೆರೆ ಮಾತ್ರ ಉಳಿದಿತ್ತು. ನಿನ್ನ ಹೊಲಿಗೆಯಷ್ಟೇ ಅಚ್ಚುಕಟ್ಟು.

ಪ್ರದರ್ಶನದ ಪಟ್ಟಿಗೆಂದು ಹಲ್ಲು ಡಾಕ್ಟರು ಬಂದರು. ಹಣೆಗೆ ದೀಪ ಕಟ್ಟಿಕೊಂಡು, ಭೂತಗನ್ನಡಿ ಹಾಕಿಕೊಂಡು ಒಂದು ಸುತ್ತು ಬಂದರು. ಯಾವಾಗಲೂ ಮರದ ಜೊತೆ ಮಾತಾಡುವವರು ಅವತ್ತು ಮಾತಾಡಲಿಲ್ಲ. ತೊಗಟೆಯ ಗೆರೆಯನ್ನು ಉಗುರಿನಿಂದ ಕೆರೆದು ನೋಡಿ, ಇದು ತೆಗೆಯೋಕೆ ಬರಲ್ಲಮ್ಮ, ತೆಗೆದರೆ ಕೊಂಬೆಯೇ ಸಿಗಿದು ಬರುತ್ತೆ ಎಂದರು. ಆಮೇಲೆ ದೀಪ ಆರಿಸಿ, "ಪಾಪ, ಆಗ್ಲೇ ಅವರಿಗೆ ತಲೆ ನಿಲ್ತಿರಲಿಲ್ವೇನೋ. ಇಲ್ಲಾಂದ್ರೆ ಅವರ ಕೈಲಿ ಇಂಥಾದ್ದು ಆಗುತ್ತಾ? ಇಷ್ಟು ಬಿಗಿಯಾಗಿ ಯಾರು ಸುತ್ತುತ್ತಾರೆ" ಎಂದರು. ನಾನು ಚಹಾ ಕೊಟ್ಟೆ. ಅವರು ಸಂಘದಲ್ಲಿ ಹೇಳಿದ್ದಾರೆ. ಈಗ ಬೀದಿಯಲ್ಲಿ ಸಿಕ್ಕವರೆಲ್ಲ ನನ್ನ ಕೈ ಹಿಡಿದು ನಿನಗಾಗಿ ಮರುಗುತ್ತಾರೆ. ನಿನ್ನ ಬಗ್ಗೆ ಇಷ್ಟು ಜನ ಪಾಪ ಎಂದದ್ದನ್ನು ನಾನು ಯಾವತ್ತೂ ಕೇಳಿರಲಿಲ್ಲ. ಬೇಲಿಯಮ್ಮ ಎಂದು ಯಾರೂ ಅನ್ನುತ್ತಿಲ್ಲ.

ಹಾಗಾಗಿ ಮೊದಲ ಪ್ರಶ್ನೆಗೆ ಉತ್ತರ: ಮರ ಪ್ರದರ್ಶನಕ್ಕೆ ಹೋಗುವುದಿಲ್ಲ.

ಹೋದ ಭಾನುವಾರ ನಾನು ನಿನ್ನ ಕೊಂಬೆ ಕತ್ತರಿಸುವ ಇಕ್ಕಳ ತೆಗೆದುಕೊಂಡು ಕೂತೆ. ಒಂದು ವಿಷಯ ನೀನು ನನಗೆ ಹೇಳಿಯೇ ಇರಲಿಲ್ಲ. ಆ ಇಕ್ಕಳಕ್ಕೆ ಎಡ ಬಲ ಇಲ್ಲ. ಎರಡು ಬಾಯಿಯೂ ಒಂದೇ ಸಮ, ಯಾವ ಕೈಯಲ್ಲಿ ಹಿಡಿದರೂ ಕಚ್ಚುತ್ತದೆ. ಎಡಗೈಯಲ್ಲಿ ಹಿಡಿದು ಎಲ್ಲ ಕೊಂಬೆಗಳನ್ನೂ ಕಾಂಡದವರೆಗೆ ಕತ್ತರಿಸಿದೆ. ಎಷ್ಟು ಹಗುರವಾಗಿ ಬಂತು ಗೊತ್ತೇ? ಈಗ ಅದು ನೀನು ತಳ್ಳುಗಾಡಿಯಲ್ಲಿ ತಂದ ದಿನ ಇದ್ದ ಹಾಗೇ ಇದೆ, ಬೋಳು ಮೊಂಡು. ಹೆದರಬೇಡ, ಸಾಯುವುದಿಲ್ಲ. ಬೇಲಿಗಿಡವನ್ನು ಸಾಯಿಸುವುದು ಅಷ್ಟು ಸುಲಭವಲ್ಲ ಎಂದು ನೀನೇ ಹೇಳುತ್ತಿದ್ದೆ. ಬರುವ ವಸಂತಕ್ಕೆ ಮೈಯೆಲ್ಲ ಚಿಗುರುತ್ತದೆ. ನಾನು ಅದನ್ನು ಹಿಂದುಮುಂದಾಗಿ ತಿರುಗಿಸಿ ಇಟ್ಟಿದ್ದೇನೆ. ನೀನು ಇಷ್ಟು ವರ್ಷ ಗೋಡೆಗೆ ಮಾಡಿಟ್ಟಿದ್ದ, ಗರಗಸದ ಗಾಯವಿರುವ ಬೆನ್ನು ಇನ್ನು ಮುಂದೆ ಅದರ ಮುಂಭಾಗ. ಕೊಂಬೆಯೊಂದರ ತುಂಡನ್ನು ಈ ಕಾಗದದ ಜೊತೆ ಪೊಟ್ಟಣ ಕಟ್ಟಿ ಕಳಿಸುತ್ತಿದ್ದೇನೆ. ತಂತಿ ಒಳಗೇ ಇದೆ.

ಇನ್ನು ನಿನ್ನ ಎರಡನೇ ಪ್ರಶ್ನೆ.

ಅದಕ್ಕೂ ಮೊದಲು, ಕಾಗದದ ನಡುವೆ ನೀನು ಬರೆದ ಒಂದು ಸಾಲು. "ಎಡಗೈಲಿ ಬರೆಯೋದು ಎಷ್ಟು ಕಷ್ಟ ಅಂತ ಈಗ ಗೊತ್ತಾಗ್ತಿದೆ ಮಗಳೇ. ನೀನು ಎಷ್ಟು ಕಷ್ಟಪಟ್ಟಿರಬೇಕು." ಇಡೀ ಕಾಗದದಲ್ಲಿ ಸ್ಪಷ್ಟವಾಗಿದ್ದದ್ದು ಅದೊಂದೇ ಸಾಲು. ಬಹಳ ನಿಧಾನವಾಗಿ, ಒಂದೊಂದೇ ಅಕ್ಷರವಾಗಿ ಬರೆದಿರಬೇಕು ನೀನು. ಎಷ್ಟೋ ಸಲ ಓದಿದೆ. ಬಾಗಿಲು ಹಾಕಿಕೊಂಡು ಬಸ್ಸಿಗೆ ಹೋಗುವಾಗಲೂ ಅದೇ ತಲೆಯಲ್ಲಿತ್ತು. ಆದರೆ ನೀನು ಈಗಲೂ ತಪ್ಪು ತಿಳಿದಿದ್ದೀಯ ಅಮ್ಮ. ನನಗೆ ಎಡಗೈ ಯಾವತ್ತೂ ಕಷ್ಟವಾಗಿರಲಿಲ್ಲ. ಕಷ್ಟವಾಗಿದ್ದದ್ದು ಬಲಗೈ.

ನಿನ್ನನ್ನು ಮನೆಗೆ ಕರೆತರುವುದು ಆಗುವುದಿಲ್ಲ. ನಾನು ಬೆಳಿಗ್ಗೆ ಹೋದರೆ ಸಂಜೆ ಬರುವವಳು. ತಾನು ಮಾಡಿದ ಕೆಲಸವೇ ನೆನಪಿಲ್ಲದವರನ್ನು ಒಲೆ, ಕತ್ತರಿ, ಇಸ್ತ್ರಿಪೆಟ್ಟಿಗೆ ಇರುವ ಮನೆಯಲ್ಲಿ ಒಬ್ಬರನ್ನೇ ಬಿಡಬಾರದು ಎಂದು ಡಾಕ್ಟರು ಬರೆದುಕೊಟ್ಟಿದ್ದಾರೆ. ಚಿಕ್ಕಮ್ಮನೂ ಅದೇ ಸರಿ ಎಂದಳು. ನೀನು ಹಠ ಮಾಡುತ್ತೀಯ, ನನಗೆ ಎಲ್ಲ ನೆನಪಿದೆ ಎನ್ನುತ್ತೀಯ ಎಂದು ಅವಳಿಗೆ ಮೊದಲೇ ಹೇಳಿಟ್ಟಿದ್ದೇನೆ. ಮರೆವಿನವರು ಹಾಗೇ ಹೇಳುವುದು.

ಊರ ಹೊರಗಿನ ಬಸ್ ಡಿಪೋದ ಹಿಂದೆ ಒಂದು ಆರೈಕೆ ಮನೆ ಇದೆ. ನೋಡಿಬಂದೆ. ಚೊಕ್ಕಟವಾಗಿದೆ. ದೊಡ್ಡ ಕೋಣೆ, ಸಾಲು ಮಂಚ, ನಡುನಡುವೆ ಪರದೆ. ಪರದೆಯ ಹೊಲಿಗೆ ನಿನಗೆ ಹಿಡಿಸುವುದಿಲ್ಲ, ಅಂಚು ಮಡಿಸಿಯೇ ಇಲ್ಲ. ನಿನ್ನ ಮಂಚ ಕಿಟಕಿಯ ಪಕ್ಕ ಬರುವಂತೆ ಮಾತಾಡಿದ್ದೇನೆ. ಕಿಟಕಿಯಿಂದ ಗೇಟಿನವರೆಗೆ ಉದ್ದಕ್ಕೂ ಬೇಲಿಗಿಡವೇ ಇದೆ ಅಮ್ಮ, ನಿನ್ನದೇ ಪ್ರಿವೆಟ್. ಮಷೀನಿನಲ್ಲಿ ಕತ್ತರಿಸುತ್ತಾರೆ, ಡಬ್ಬಿಯ ಹಾಗೆ ಚೌಕಕ್ಕೆ. ನೋಡುತ್ತಾ ಕೂರಬಹುದು. ಹಗಲಿನಲ್ಲಿ ಎಲ್ಲರನ್ನೂ ಕುರ್ಚಿಯಲ್ಲಿ ಕೂರಿಸುತ್ತಾರೆ. ಮುಂದಕ್ಕೆ ಮುಗ್ಗರಿಸದಿರಲಿ ಎಂದು ಸೊಂಟಕ್ಕೂ, ಆಡುವ ಕೈಗೂ ಒಂದು ಬಟ್ಟೆ ಪಟ್ಟಿ ಕಟ್ಟುತ್ತಾರೆ. ಮುಟ್ಟಿ ನೋಡಿದೆ. ನಿನ್ನ ಪಟ್ಟಿಗಿಂತ ಮೆತ್ತಗಿದೆ, ಬರೆ ಬೀಳುವುದಿಲ್ಲ.

ಮೊದಮೊದಲು ಬೇಜಾರಾಗಬಹುದು. ಸ್ವಲ್ಪ ದಿನ ಅಷ್ಟೇ. ಆಮೇಲೆ ಅದೇ ಅಭ್ಯಾಸ ಆಗುತ್ತೆ.

ಔಷಧಿ ಹೊತ್ತಿಗೆ ಸರಿಯಾಗಿ ತೆಗೆದುಕೋ. ಚಿಕ್ಕಮ್ಮನ ಜೊತೆ ಜಗಳವಾಡಬೇಡ, ಅವಳ ಮೊಣಕಾಲು ಈಗ ಮೊದಲಿನ ಹಾಗಿಲ್ಲ. ಸಾಮಾನು ಕಟ್ಟಲು ಶನಿವಾರ ಬರುತ್ತೇನೆ.

ಪ್ರೀತಿಯಿಂದ,
ನಿನ್ನ ಎಡಚಿ

ತಾ.ಕ.: ಪೊಟ್ಟಣದಲ್ಲಿರುವ ಕೊಂಬೆಯನ್ನು ಬೆಳಕಿಗೆ ಹಿಡಿದು, ಬುಡದಿಂದ ತುದಿಗೆ ಹೊಲಿಗೆ ಗೆರೆಯ ಮೇಲೆ ಬೆರಳು ಆಡಿಸು. ಹಲ್ಲು ಡಾಕ್ಟರು ಅಷ್ಟು ದೊಡ್ಡ ಕನ್ನಡಿ ಹಾಕಿಕೊಂಡೂ ಗಮನಿಸಲಿಲ್ಲ, ನೀನಾದರೆ ಒಂದೇ ನೋಟಕ್ಕೆ ಹಿಡಿಯುತ್ತಿದ್ದೆ. ತಂತಿ ಎಡಕ್ಕೆ ತಿರುಗಿದೆ. ನೀನು ಬಿದ್ದ ದಿನ ಸುರುಳಿ ಮೇಜಿನ ಮೇಲೆ ಅಂಗಡಿಯ ಕಾಗದ ಸುತ್ತಿದ ಹಾಗೇ ಇತ್ತು, ಬಿಚ್ಚಿದ್ದು ನಾನು. ನೀನು ಏನನ್ನೂ ಮರೆತಿಲ್ಲ ಅಮ್ಮ. ಬೇಕಿದ್ದರೆ ಚಿಕ್ಕಮ್ಮನಿಗೆ ತೋರಿಸು. ಉಫ್ ಎಂದು ಊದಿ, ತೋಳಿನ ತುದಿ ಎಳೆದು ಮುಚ್ಚುತ್ತಾಳೆ.